ರಾಣಿ ಬರ್ತಾ ಪ್ರಾರ್ಥಿಸಿದ ಪುಟ್ಟ ದೇವಾಲಯ



ನವೆಂಬರ್ 11ರಂದು ನಾವು ಸಂತ ಮಾರ್ಟಿನರ ಹಬ್ಬವನ್ನು ಆಚರಿಸುತ್ತೇವೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಕತ್ತರಿಸಿ ಅರ್ಧ ಕೊಟ್ಟ ಸಂತರು ಇವರು. ಇವರ ಹೆಸರಿನ ಪುಟ್ಟ ದೇವಾಲಯವೊಂದು ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿದೆ. ಆ ದೇಶದಲ್ಲಿ ಇಂದಿಗೂ ಆರಾಧನೆ ನಡೆಯುತ್ತಿರುವ ದೇವಾಲಯಗಳಲ್ಲಿ ಇದೇ ಅತ್ಯಂತ ಹಳೆಯದು.

6ನೇ ಶತಮಾನದಲ್ಲಿ ಪ್ಯಾರಿಸಿನ ಅರಸ ಚಾರಿಬರ್ಟನ ಮಗಳು ಬರ್ತಾ, ಕೆಂಟ್ ರಾಜ್ಯದ ಎಥೆಲ್‌ಬರ್ಟನನ್ನು ಮದುವೆಯಾಗಿ ಸಮುದ್ರ ದಾಟಿ ಬಂದಳು. ಗಂಡ ಕ್ರೈಸ್ತನಲ್ಲ. ಆದರೆ ರಾಣಿಯ ವಿಶ್ವಾಸಕ್ಕೆ ಅಡ್ಡಿ ಮಾಡಬಾರದೆಂಬ ಷರತ್ತಿನ ಮೇಲೆಯೇ ಮದುವೆ ನಡೆದಿತ್ತು. ಅವಳ ಜೊತೆಗೆ ಧರ್ಮಾಧ್ಯಕ್ಷ ಲಿಯುಡ್‌ಹಾರ್ಡ್ ಬಂದಿದ್ದರು. ಪಟ್ಟಣದ ಪೂರ್ವಕ್ಕೆ ರೋಮನರ ಕಾಲದ ಹಳೆಯ ದೇವಾಲಯವೊಂದಿತ್ತು; ರಾಣಿ ಅಲ್ಲಿಗೆ ಹೋಗಿ ಪ್ರಾರ್ಥಿಸುತ್ತಿದ್ದಳು ಎಂದು ಸಂತ ಬೀಡರು 731ರಲ್ಲಿ ಮುಗಿಸಿದ ತಮ್ಮ ಚರಿತ್ರೆಯಲ್ಲಿ ಬರೆದಿದ್ದಾರೆ.

597ರಲ್ಲಿ ಜಗದ್ಗುರು ಸಂತ ಗ್ರೆಗೊರಿಯವರು ಕಳುಹಿಸಿದ ಸನ್ಯಾಸಿ ಅಗಸ್ಟೀನರು ಸುಮಾರು 40 ಮಂದಿ ಸಂಗಡಿಗರೊಂದಿಗೆ ಕೆಂಟ್ ತೀರಕ್ಕೆ ಬಂದಿಳಿದರು. (ಇವರು ಹಿಪ್ಪೋ ನಗರದ ಸಂತ ಅಗಸ್ಟೀನರಲ್ಲ.) ಅವರು ಮೊದಮೊದಲು ಬಲಿಪೂಜೆ ಅರ್ಪಿಸಿದ್ದು, ಬೋಧಿಸಿದ್ದು, ದೀಕ್ಷಾಸ್ನಾನ ನೀಡಿದ್ದು ಈ ದೇವಾಲಯದಲ್ಲೇ. ಮುಂದೆ ಅರಸನೂ ದೀಕ್ಷಾಸ್ನಾನ ಪಡೆದನು.

ಗೋಡೆಗಳೇ ಈ ಚರಿತ್ರೆಗೆ ಸಾಕ್ಷಿ. ಬಲಿಪೀಠದ ಕಡೆಯ ಹಳೆಯ ಭಾಗದಲ್ಲಿ ಚಪ್ಪಟೆಯಾದ ಕೆಂಪು ರೋಮನ್ ಇಟ್ಟಿಗೆಗಳನ್ನು ಇಂದಿಗೂ ಕಾಣಬಹುದು. ಭಕ್ತರು ಕೂರುವ ಅಂಗಳವನ್ನು ಅನಂತರ ಕಲ್ಲು ಮತ್ತು ಹಳೆಯ ಇಟ್ಟಿಗೆಗಳನ್ನು ಬೆರೆಸಿ ಕಟ್ಟಿದರು. ಕೆತ್ತನೆಯ ದೀಕ್ಷಾಸ್ನಾನದ ತೊಟ್ಟಿ 12ನೇ ಶತಮಾನದ್ದು. ಗೋಪುರ ಅದಕ್ಕಿಂತಲೂ ಈಚಿನದು. ಒಂದೊಂದು ತಲೆಮಾರೂ ಹಿಂದಿನದನ್ನು ಕೆಡವದೆ ತನ್ನದನ್ನು ಸೇರಿಸಿದೆ. 19ನೇ ಶತಮಾನದಲ್ಲಿ ಇಲ್ಲಿನ ಸಮಾಧಿಭೂಮಿಯಲ್ಲಿ ಲಿಯುಡ್‌ಹಾರ್ಡರ ಹೆಸರಿದ್ದ ಚಿನ್ನದ ಪದಕವೊಂದು ಸಿಕ್ಕಿತು. 1988ರಲ್ಲಿ ದೇವಾಲಯವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಂದು ಇದು ಆಂಗ್ಲಿಕನ್ ಸಭೆಯ ದೇವಾಲಯ. ಒಂದೇ ಮನೆಯಲ್ಲಿ ಹುಟ್ಟಿದವರು ಬೇರೆಯಾದ ನೋವು ನಮಗಿದೆ. ಆದರೆ 1982ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅದೇ ಊರಿನ ಪ್ರಧಾನಾಲಯದಲ್ಲಿ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷರ ಜೊತೆ ಮೊಣಕಾಲೂರಿ ಪ್ರಾರ್ಥಿಸಿದ್ದನ್ನು ನಾವು ಮರೆಯುವಂತಿಲ್ಲ.

601ರಲ್ಲಿ ಜಗದ್ಗುರು ಗ್ರೆಗೊರಿಯವರು ಬರ್ತಾಳಿಗೆ ಪತ್ರ ಬರೆದು, ಅವಳನ್ನು ಸಂತ ಹೆಲೆನಾರಿಗೆ ಹೋಲಿಸಿ ಹೊಗಳಿದರು. ಅದರ ಜೊತೆಗೆ, ಗಂಡನ ಮನಸ್ಸನ್ನು ನೀನು ಇನ್ನೂ ಮೊದಲೇ ತಿರುಗಿಸಬೇಕಿತ್ತು ಎಂದು ಮೆಲ್ಲನೆ ಗದರಿದರು ಕೂಡ! ಆ ವರ್ಷಗಳಲ್ಲಿ ಫಲ ಕಾಣಲಿಲ್ಲ, ನಿಜ. ಆದರೆ ಅಗಸ್ಟೀನರು ಬಂದಾಗ ಬಾಗಿಲು ತೆರೆದಿದ್ದ ಒಂದು ದೇವಾಲಯ ಅವರಿಗಾಗಿ ಕಾದಿತ್ತು.

"ಮನೆಯಲ್ಲಿ ಬೇರೆ ಯಾರೂ ಪೂಜೆಗೆ ಬರುವುದಿಲ್ಲ ಸ್ವಾಮಿ, ನಾನೊಬ್ಬಳೇ ಪ್ರಾರ್ಥಿಸಿ ಏನು ಪ್ರಯೋಜನ?" ಎಂದು ಕೇಳುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರಿಗೆ ನಾವು ಬರ್ತಾಳನ್ನು ತೋರಿಸೋಣ. ಅವಳು ಬೋಧಿಸಿದ್ದಾಗಿ ಎಲ್ಲೂ ಬರೆದಿಲ್ಲ; ಪ್ರಾರ್ಥಿಸುತ್ತಿದ್ದಳು ಎಂದಷ್ಟೇ ಬರೆದಿದೆ. ಈ ಹಬ್ಬದಂದು ಮನೆಯಲ್ಲಿ ಒಂಟಿಯಾಗಿ ಜಪಮಾಲೆ ಹಿಡಿಯುವವರ ಪಕ್ಕದಲ್ಲಿ ನಾವೂ ಒಂದು ಗಳಿಗೆ ಕೂರೋಣ.