ಆಸ್ಪತ್ರೆಯಲ್ಲಿ ಜೈನ ರೋಗಿ: ವೈದ್ಯರಿಗೆ ಮೊದಲೇ ತಿಳಿಸಬೇಕಾದ ವಿಷಯಗಳು

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧಕ್ಕೂ ಸ್ಥಾನ ಕೊಟ್ಟ ಧರ್ಮ ನಮ್ಮದು. ಆದರೂ ಆಸ್ಪತ್ರೆ ಸೇರಿದಾಗ ಅನೇಕ ಶ್ರಾವಕ-ಶ್ರಾವಕಿಯರು ಇಕ್ಕಟ್ಟಿಗೆ ಸಿಲುಕುತ್ತಾರೆ. ರಾತ್ರಿ ಕೊಟ್ಟ ಮಾತ್ರೆಯನ್ನು ನುಂಗದೆ ಸುಮ್ಮನೆ ಎತ್ತಿಡುವ ಹಿರಿಯರಿದ್ದಾರೆ. ಇದು ತಿಳಿಯದ ವೈದ್ಯರು, ಔಷಧ ನಾಟುತ್ತಿಲ್ಲವೆಂದು ಪ್ರಮಾಣ ಹೆಚ್ಚಿಸಬಹುದು. ಹೇಳದೆ ಪಾಲಿಸುವ ನಿಯಮವೇ ಹೀಗೆ ಅಪಾಯ ತರುತ್ತದೆ.

ಊಟ

ದಾಖಲಾತಿ ಅರ್ಜಿಯಲ್ಲಿ 'ಸಸ್ಯಾಹಾರಿ' ಎಂದರೆ ಸಾಲದು. ಆಸ್ಪತ್ರೆಯ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಸಾಮಾನ್ಯ. ಕಂದಮೂಲ ಮತ್ತು ಜೇನುತುಪ್ಪ ಬೇಡ, ಸೂರ್ಯಾಸ್ತಕ್ಕೆ ಮೊದಲೇ ಊಟ ಬೇಕು, ಕಾಯಿಸಿದ ನೀರು ಬೇಕು ಎಂದು ಬಿಡಿಸಿ ಹೇಳಬೇಕು. ಚ್ಯವನಪ್ರಾಶದಂಥ ಲೇಹ್ಯಗಳಲ್ಲಿಯೂ ಜೇನು ಇರುತ್ತದೆ.

ರಾತ್ರಿಭೋಜನ ತ್ಯಾಗ ಮತ್ತು ಸಕ್ಕರೆ ಕಾಯಿಲೆ

ಸಂಜೆ 6ಕ್ಕೆ ಊಟ ಮುಗಿಸಿ, ಮರುದಿನ ಸೂರ್ಯೋದಯದ 48 ನಿಮಿಷಗಳ ನಂತರ ಆಹಾರ ಸೇವಿಸುವವರ ಹೊಟ್ಟೆ 12 ಗಂಟೆಗೂ ಹೆಚ್ಚು ಕಾಲ ಖಾಲಿ ಇರುತ್ತದೆ. ರಾತ್ರಿ 9ರ ಊಟದ ಲೆಕ್ಕದಲ್ಲಿ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ಕೊಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಮಂಪರು ಇದರ ಲಕ್ಷಣಗಳು. ಆಗ ಕೂಡಲೇ ಸಕ್ಕರೆ ಕೊಡಬೇಕಾಗುತ್ತದೆ. ಮೊದಲೇ ತಿಳಿಸಿದರೆ ವೈದ್ಯರು ಔಷಧದ ವೇಳೆ, ಪ್ರಮಾಣ ಎರಡನ್ನೂ ಹೊಂದಿಸಬಲ್ಲರು. ದಶಲಕ್ಷಣ ಪರ್ವದ ಉಪವಾಸಕ್ಕೂ ಇದೇ ಮಾತು ಅನ್ವಯ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ನಿರ್ಜಲ ಉಪವಾಸ ಮಾಡಬಾರದು.

ಔಷಧದ ಮೂಲ

ಕ್ಯಾಪ್ಸೂಲ್‌ಗಳ ಹೊರಕವಚ ಹೆಚ್ಚಾಗಿ ಜೆಲಟಿನ್‌ನದು. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಹಲವು ಕ್ಯಾಪ್ಸೂಲ್‌ಗಳಿಗೆ ಬದಲಾಗಿ ಮಾತ್ರೆ, ದ್ರವರೂಪದ ಔಷಧ ಅಥವಾ ಸಸ್ಯಮೂಲದ ಕವಚ ಸಿಗುತ್ತದೆ. ಹೆಪಾರಿನ್ ಬದಲಿಗೆ ಕೆಲವು ಸಂದರ್ಭಗಳಲ್ಲಿ ಕೃತಕವಾಗಿ ತಯಾರಿಸಿದ ಫಾಂಡಾಪ್ಯಾರಿನಕ್ಸ್ ಬಳಸಬಹುದು. ಇಂದು ಬಳಕೆಯಲ್ಲಿರುವ ಇನ್ಸುಲಿನ್ ಬಹುಪಾಲು ಪ್ರಾಣಿಮೂಲದ್ದಲ್ಲ. ಆದರೆ ಕ್ಯಾಪ್ಸೂಲನ್ನು ತಾವೇ ಬಿಡಿಸಿ ಪುಡಿಯನ್ನು ಸೇವಿಸಬಾರದು. ನಿಧಾನವಾಗಿ ಕರಗಬೇಕಾದ ಔಷಧ ಒಮ್ಮೆಲೇ ದೇಹ ಸೇರಬಹುದು. ತುರ್ತು ಚಿಕಿತ್ಸೆಯಲ್ಲಿ ಬದಲಿ ಹುಡುಕಲು ಸಮಯ ಇರುವುದಿಲ್ಲ. ಹಾಗಾಗಿ ಏನನ್ನು ಒಪ್ಪಬಹುದೆಂದು ರೋಗಿಯೂ ಮನೆಯವರೂ ಮೊದಲೇ ಮಾತಾಡಿಕೊಂಡಿರಬೇಕು.

ಒಂದು ಹಾಳೆ ಸಾಕು

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂಬೆರಡು ಇವೆ. ತ್ಯಾಗವೂ ತಪವೂ ಶಕ್ತಿಗೆ ತಕ್ಕಂತಿರಬೇಕು ಎಂಬುದೇ ಅವುಗಳ ತಾತ್ಪರ್ಯ. ಕಾಯಿಲೆಯಲ್ಲಿ ಯಾವ ನಿಯಮವನ್ನು ಸಡಿಲಿಸಬಹುದೆಂದು ಮುನಿಗಳನ್ನೋ ಭಟ್ಟಾರಕರನ್ನೋ ಕೇಳಿಕೊಳ್ಳಬಹುದು. ರೋಗಿಯ ನಿಯಮ, ವ್ರತ, ಊಟದ ವೇಳೆ, ಬೇಡವಾದ ಪದಾರ್ಥಗಳನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯಕೀಯ ಕಡತದ ಜೊತೆ ಇಡಿ. ರೋಗಿಗೆ ಮಾತಾಡಲಾಗದ ಹೊತ್ತಿನಲ್ಲಿ ಆ ಹಾಳೆಯೇ ಅವರ ಪರವಾಗಿ ಮಾತಾಡುತ್ತದೆ.