ರೊಟ್ಟಿಯ ತೂಕ, ಕೂಲಿಯ ದರ: ಮಧ್ಯಯುಗದ ಇಂಗ್ಲೆಂಡಿನ ಲೆಕ್ಕ

ಒಂದು ಎಕರೆ ಗೋಧಿ ಬೆಳೆಯಲು ಎಷ್ಟು ಖರ್ಚು? 13ನೇ ಶತಮಾನದಲ್ಲಿ ವಾಲ್ಟರ್ ಆಫ್ ಹೆನ್ಲಿ ಎಂಬಾತ ಇಂಗ್ಲೆಂಡಿನ ಜಮೀನ್ದಾರರಿಗಾಗಿ ಬರೆದ ಬೇಸಾಯದ ಕೈಪಿಡಿಯಲ್ಲಿ ಇದರ ಲೆಕ್ಕ ಬಿಡಿಬಿಡಿಯಾಗಿ ಸಿಗುತ್ತದೆ. ಮೂರು ಸಲ ಉಳುಮೆ, ಸಲಕ್ಕೆ 6 ಪೆನ್ನಿಯಂತೆ 18 ಪೆನ್ನಿ. ಹಲುಬೆ ಹೊಡೆಯಲು 1. ಬಿತ್ತನೆಗೆ 2 ಬುಷೆಲ್ ಗೋಧಿ, ಅದಕ್ಕೆ 12. ಕಳೆ ತೆಗೆಯಲು ಅರ್ಧ. ಕೊಯ್ಲಿಗೆ 5. ಹೊರೆ ಸಾಗಿಸಲು 1. ಒಕ್ಕಣೆಯ ಕೂಲಿಗೆ ಹುಲ್ಲೇ ಸರಿಹೋಗುತ್ತದೆಂದು ಅದನ್ನು ಬಿಟ್ಟಿದ್ದಾನೆ. ಒಟ್ಟು 37½ ಪೆನ್ನಿ. ಬಿತ್ತಿದ್ದರ ಮೂರರಷ್ಟು ಬೆಳೆ ಬಂದರೆ 6 ಬುಷೆಲ್. ಅದರ ಬೆಲೆ 36 ಪೆನ್ನಿ. ಅಂದರೆ ಒಂದೂವರೆ ಪೆನ್ನಿ ಕೈಬಿಟ್ಟಿತು, ಅದೂ ನೆಲದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ. ಆ ಕಾಲದಲ್ಲಿ ಗೋಧಿಯ ಸಾಮಾನ್ಯ ಇಳುವರಿಯೇ ಬಿತ್ತನೆಯ ಮೂರರಿಂದ ನಾಲ್ಕು ಪಟ್ಟು. ಕೂಲಿ ಕೊಟ್ಟು ಬೆಳೆಸಿದರೆ ಕೈಗೆ ಹತ್ತದ ಬೆಳೆ ಅದು. ಧಣಿಗೆ ಬಿಟ್ಟಿ ದುಡಿಮೆ ಯಾಕೆ ಬೇಕಾಗಿತ್ತೆಂದು ತಿಳಿಯಲು ಇಷ್ಟು ಅಂಕಿ ಸಾಕು.

ನಾಣ್ಯದ ಲೆಕ್ಕ ಹೀಗೆ: 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಆಣೆಗೆ 12 ಪೈ, ರೂಪಾಯಿಗೆ 16 ಆಣೆ ಎಂದು ಬಾಯಿಪಾಠ ಮಾಡಿದ ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಎಂಟು ಬುಷೆಲ್ ಸೇರಿದರೆ ಒಂದು ಕ್ವಾರ್ಟರ್. ಬುಷೆಲ್ ಗೋಧಿ ಸುಮಾರು 27 ಕಿಲೋ, ಕ್ವಾರ್ಟರ್ ಸುಮಾರು 218 ಕಿಲೋ.

ಇನ್ನು ಒಕ್ಕಲಿನ ಕಡೆಯ ಲೆಕ್ಕ. ಹದಿನೈದು ಎಕರೆ ಇದ್ದವನನ್ನು ಊರಿನ ಮಧ್ಯಮ ಕುಳ ಎನ್ನಬಹುದು. ಮೂರು ಹೊಲದ ಪದ್ಧತಿ ಇದ್ದ ಕಡೆ ವರ್ಷಕ್ಕೆ 5 ಎಕರೆ ಬೀಳು, 5 ಎಕರೆ ಗೋಧಿ, 5 ಎಕರೆ ಬಾರ್ಲಿ ಅಥವಾ ಓಟ್ಸ್. ಗೋಧಿ ನಾಲ್ಕು ಪಟ್ಟು ಬಂದಿತೆಂದೇ ಇಟ್ಟುಕೊಳ್ಳೋಣ: 40 ಬುಷೆಲ್. ಮೊದಲು ಚರ್ಚಿನ ಹತ್ತನೇ ಒಂದು ಪಾಲು, 4 ಹೋಯಿತು. ಮುಂದಿನ ಬಿತ್ತನೆಗೆ 10 ಎತ್ತಿಡಬೇಕು. ಉಳಿದದ್ದು 26 ಬುಷೆಲ್, ಸುಮಾರು 700 ಕಿಲೋ. ಅದನ್ನು ಧಣಿಯ ಗಿರಣಿಯಲ್ಲೇ ಬೀಸಿಸಬೇಕು. ಅಲ್ಲಿ ಹದಿನಾರನೇ ಒಂದರಷ್ಟು ಪಾಲು, ಊರಿಂದ ಊರಿಗೆ ಹೆಚ್ಚುಕಡಿಮೆ. ಗೇಣಿಯ ಹಣ ಬೇರೆ. ವಾರಕ್ಕೆ ಎರಡು ಮೂರು ದಿನ ಧಣಿಯ ಹೊಲದಲ್ಲಿ ದುಡಿಯಬೇಕಾದ ಊರುಗಳೂ ಇದ್ದವು. ಮಗಳ ಮದುವೆಗೆ ತೆರಿಗೆ. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ದನ ಧಣಿಗೆ, ಅದರ ನಂತರದ್ದು ಪಾದ್ರಿಗೆ. ಹೆಣದ ಜೊತೆ ಉಳುವ ಎತ್ತೂ ಹೊರಟಿತು ಎಂದರೆ ಮುಂದಿನ ವರ್ಷದ ಉಳುಮೆ ಯಾರ ಕೈಯಲ್ಲಿ ಎಂಬುದನ್ನು ಆ ಕಾಲದ ಕಾನೂನು ಕೇಳಲಿಲ್ಲ.

ಪೇಟೆಯಲ್ಲಿ ರೊಟ್ಟಿ ಕೊಳ್ಳುವವರ ವಿಷಯದಲ್ಲಿ ಮಾತ್ರ ಕಾನೂನು ತುಂಬ ಚುರುಕಾಗಿತ್ತು. ಮೂರನೇ ಹೆನ್ರಿಯ ಕಾಲದಲ್ಲಿ, 1266ರ ಆಸುಪಾಸಿನಲ್ಲಿ, ರೊಟ್ಟಿ ಮತ್ತು ಏಲ್ ಎಂಬ ಬಾರ್ಲಿ ಮದ್ಯಕ್ಕೆ ಒಂದು ದರಪಟ್ಟಿ ಬಂತು. ಅದರ ಜಾಣತನ ನೋಡಬೇಕು: ರೊಟ್ಟಿಯ ಬೆಲೆ ಎಂದಿಗೂ ಕಾಲು ಪೆನ್ನಿ, ಬದಲಾಗುವುದು ತೂಕ. ತೂಕವನ್ನು ಹೇಳಿರುವುದೂ ಬೆಳ್ಳಿ ನಾಣ್ಯದ ಲೆಕ್ಕದಲ್ಲಿ. ಕ್ವಾರ್ಟರ್ ಗೋಧಿ 1 ಶಿಲ್ಲಿಂಗ್ ಇದ್ದಾಗ ಕಾಲು ಪೆನ್ನಿಯ ಬಿಳಿ ರೊಟ್ಟಿ 136 ಶಿಲ್ಲಿಂಗ್ ತೂಗಬೇಕು, ಅಂದರೆ ಸುಮಾರು 2.4 ಕಿಲೋ. ಗೋಧಿ 6 ಶಿಲ್ಲಿಂಗ್ ಆದರೆ 400 ಗ್ರಾಂ. 12 ಆದರೆ 200 ಗ್ರಾಂ. ಲಂಡನ್ನಿನಲ್ಲಿ ತೂಕ ಕದ್ದ ಬೇಕರಿಯವನನ್ನು, ಆ ರೊಟ್ಟಿಯನ್ನೇ ಕೊರಳಿಗೆ ಕಟ್ಟಿ, ತಡಿಕೆಯ ಮೇಲೆ ಬೀದಿಗಳಲ್ಲಿ ಎಳೆಸುತ್ತಿದ್ದರು. ಎರಡನೇ ಸಲ ಸಿಕ್ಕಿಬಿದ್ದರೆ ಕುತ್ತಿಗೆ, ಕೈಗಳನ್ನು ಹಲಗೆಯ ತೂತಿಗೆ ಸಿಕ್ಕಿಸಿ ಒಂದು ಗಂಟೆ ನಿಲ್ಲಿಸುವುದು. ಮೂರನೇ ಸಲಕ್ಕೆ ಒಲೆಯನ್ನೇ ಕೆಡವುವುದು. ಏಲ್ ಪೇಟೆಯಲ್ಲಿ ಪೆನ್ನಿಗೆ 2 ಗ್ಯಾಲನ್, ಹಳ್ಳಿಯಲ್ಲಿ 3 ಅಥವಾ 4. ಹಳ್ಳಿಗಳಲ್ಲಿ ಅದನ್ನು ಕಾಯಿಸಿ ಮಾರುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರ ಮೇಲೆ ಬೀಳುತ್ತಿದ್ದ ದಂಡ ಎಷ್ಟು ನಿಯಮಿತವಾಗಿತ್ತೆಂದರೆ ಅದನ್ನು ಲೈಸೆನ್ಸ್ ಫೀ ಎಂದೇ ಕರೆಯಬೇಕು.

ಧಾನ್ಯ ತುಟ್ಟಿಯಾದರೆ ರೊಟ್ಟಿ ಸಣ್ಣದಾಗಲಿ ಎಂದು ಕಾನೂನೇ ಒಪ್ಪಿತು. ಬೇಕರಿಯವನಿಗೆ ನಷ್ಟವಿಲ್ಲ. ಕೊಳ್ಳುವವನ ಕೂಲಿಯ ಗತಿ?

14ನೇ ಶತಮಾನದ ಮೊದಲರ್ಧದಲ್ಲಿ ಕಟ್ಟಡ ಕೆಲಸದ ಸಹಾಯಕನಿಗೆ ದಿನಕ್ಕೆ ಒಂದೂವರೆ ಪೆನ್ನಿ. ಭಾನುವಾರ, ಹಬ್ಬ, ಮಳೆ ಕಳೆದು ವರ್ಷಕ್ಕೆ 250 ದಿನ ಕೆಲಸ ಸಿಕ್ಕಿತೆಂದು ಉದಾರವಾಗಿಯೇ ಹಿಡಿದರೂ 375 ಪೆನ್ನಿ. ತಲೆಗೆ ವರ್ಷಕ್ಕೊಂದು ಕ್ವಾರ್ಟರ್ ಧಾನ್ಯದಂತೆ ಐದು ಜನರ ಸಂಸಾರಕ್ಕೆ ಐದು ಕ್ವಾರ್ಟರ್ ಬೇಕು. ಗೋಧಿ 6 ಶಿಲ್ಲಿಂಗ್ ಇದ್ದರೆ ಅದಕ್ಕೇ 360 ಪೆನ್ನಿ. ಉಳಿಯುವ 15 ಪೆನ್ನಿಯಲ್ಲಿ ಸೌದೆ, ಬಟ್ಟೆ, ಬಾಡಿಗೆ, ಉಪ್ಪು. ಆದ್ದರಿಂದಲೇ ಬಡವರು ಗೋಧಿಯ ತಂಟೆಗೆ ಹೋಗದೆ ಬಾರ್ಲಿ, ರೈ, ಬಟಾಣಿಯ ಅಂಬಲಿಯಲ್ಲೇ ಹೊಟ್ಟೆ ಹೊರೆದರು. ಹೆಂಡತಿ ನೂತು, ಕೊಯ್ಲಾದ ಹೊಲದಲ್ಲಿ ಉಳಿದ ತೆನೆ ಆಯ್ದು ತಂದದ್ದೂ ಸೇರಿದರೆ ಹೇಗೋ ವರ್ಷ ಕಳೆಯಿತು.

1315ರ ಬೇಸಿಗೆಯಲ್ಲಿ ಸುರಿದ ಮಳೆ ನಿಲ್ಲಲಿಲ್ಲ. ಮರುವರ್ಷವೂ ಅದೇ ಕಥೆ. ಗೋಧಿ ಕೆಲವೆಡೆ 16 ಶಿಲ್ಲಿಂಗ್ ಮುಟ್ಟಿತು. ಪಟ್ಟಿಯ ಪ್ರಕಾರ ಕಾಲು ಪೆನ್ನಿಯ ರೊಟ್ಟಿ 150 ಗ್ರಾಂ. ಐದು ಕ್ವಾರ್ಟರ್ ಗೋಧಿಗೆ 960 ಪೆನ್ನಿ, ಕೂಲಿಯವನ ವರ್ಷದ ದುಡಿಮೆಯ ಎರಡೂವರೆ ಪಟ್ಟು. 1315ರ ಆಗಸ್ಟಿನಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ತಂಗಿದ್ದ ದೊರೆ ಎರಡನೇ ಎಡ್ವರ್ಡನ ಪರಿವಾರಕ್ಕೇ ರೊಟ್ಟಿ ಸಿಗುವುದು ಕಷ್ಟವಾಯಿತು. ದೊರೆಯ ದಾಯಾದಿ ಲ್ಯಾಂಕಾಸ್ಟರಿನ ಅರ್ಲ್ ಥಾಮಸನ ವಾರ್ಷಿಕ ಆದಾಯ ಆ ಕಾಲಕ್ಕೆ ಸುಮಾರು 11,000 ಪೌಂಡ್: ಅಂಥ ಕೂಲಿಯವರು 7,040 ಮಂದಿ ಇಡೀ ವರ್ಷ ದುಡಿದಷ್ಟು.

ಯಾರ ಬೆಲೆ ಎಷ್ಟೆಂದು ಬಾಯಿಬಿಟ್ಟು ಹೇಳುವ ದಾಖಲೆ ಎಂದರೆ ಸೈನ್ಯದ ಸಂಬಳ. ಮೂರನೇ ಎಡ್ವರ್ಡನ ಫ್ರಾನ್ಸ್ ಯುದ್ಧದಲ್ಲಿ ಕಾಲಾಳು ಬಿಲ್ಲುಗಾರನಿಗೆ ದಿನಕ್ಕೆ 3 ಪೆನ್ನಿ, ಕುದುರೆ ಇದ್ದವನಿಗೆ 6, ಕವಚ ತೊಟ್ಟ ಸವಾರನಿಗೆ 12, ನೈಟ್‌ಗೆ 24, ಅರ್ಲ್‌ಗೆ 80, ಯುವರಾಜನಿಗೆ 240. ಮೇಲಿನವನ ಒಂದು ದಿನ ಕೆಳಗಿನವನ ಎಂಬತ್ತು ದಿನ.

1348ರ ಬೇಸಿಗೆಯಲ್ಲಿ ಡಾರ್ಸೆಟ್ ಕರಾವಳಿಯಿಂದ ಪ್ಲೇಗ್ ಒಳಬಂತು. ಮುಂದಿನ ವರ್ಷ ಮುಗಿಯುವಷ್ಟರಲ್ಲಿ ಜನಸಂಖ್ಯೆಯ ಮೂರನೇ ಒಂದಕ್ಕೂ ಹೆಚ್ಚು ಪಾಲು ಹೋಗಿತ್ತು. ಹೊಲ ಇದೆ, ಆಳಿಲ್ಲ. ಬದುಕಿದವರು ಕೂಲಿ ಹೆಚ್ಚು ಕೇಳಿದರು, ಕೇಳದೆ ಇರುತ್ತಾರೆಯೇ? ಪಾರ್ಲಿಮೆಂಟು 1351ರಲ್ಲಿ ಕೂಲಿಯನ್ನು ಪ್ಲೇಗಿನ ಹಿಂದಿನ ಮಟ್ಟಕ್ಕೆ ಕಟ್ಟಿಹಾಕಿತು. ಹುಲ್ಲು ಒಣಗಿಸಲು ದಿನಕ್ಕೆ 1 ಪೆನ್ನಿ, ಹುಲ್ಲು ಕೊಯ್ಯಲು 5, ಆಗಸ್ಟ್ ಮೊದಲ ವಾರದ ಕೊಯ್ಲಿಗೆ 2, ಎರಡನೇ ವಾರಕ್ಕೆ 3, ಹಿರಿಯ ಬಡಗಿಗೆ 3, ಹಿರಿಯ ಕಲ್ಲುಕುಟಿಗನಿಗೆ 4, ಅವರ ಸಹಾಯಕನಿಗೆ ಅದೇ ಒಂದೂವರೆ. ಊಟ ಇಲ್ಲ. ಈ ಕಾನೂನಿನಂತೆ ನಡೆಯುತ್ತೇವೆಂದು ಪ್ರಮಾಣ ಮಾಡಲು ಒಪ್ಪದವರಿಗಾಗಿ ಊರೂರಿಗೂ ಕಾಲು ಸಿಕ್ಕಿಸುವ ಕೊರಡು ಹಾಕಿಸಬೇಕೆಂಬ ಆದೇಶ ಬೇರೆ. ಆಹಾರ ಮಾರುವವರಿಗೂ 1349ರ ಆಜ್ಞೆಯಲ್ಲಿ ಒಂದು ಮಾತು ಇತ್ತು: ನ್ಯಾಯವಾದ ಬೆಲೆಗೆ ಮಾರಿ ಎಂದು. ಕೂಲಿಗೆ ಅರ್ಧ ಪೆನ್ನಿಯವರೆಗೆ ಅಂಕಿ, ವ್ಯಾಪಾರಿಗೆ ಬರೀ ‘ನ್ಯಾಯವಾದ ಬೆಲೆ’. ಅವರಿಗೊಂದು ನ್ಯಾಯ, ಇವರಿಗೊಂದು ನ್ಯಾಯ.

ಕೂಲಿಯನ್ನು ಕಟ್ಟಿದವರು 1363ರಲ್ಲಿ ಬಟ್ಟೆಯನ್ನೂ ಕಟ್ಟಲು ಹೊರಟರು. 40 ಶಿಲ್ಲಿಂಗಿನ ಆಸ್ತಿಯೂ ಇಲ್ಲದ ಉಳುವವನು, ಗಾಡಿಯವನು, ಕುರಿಗಾಹಿ 12 ಪೆನ್ನಿ ದರದ ಒರಟು ಉಣ್ಣೆಯನ್ನಷ್ಟೇ ಉಡಬೇಕು. 500 ಪೌಂಡಿನ ಸರಕು ಇದ್ದ ವರ್ತಕನಿಗೆ 100 ಪೌಂಡಿನ ಜಮೀನು ಉತ್ಪತ್ತಿ ಇದ್ದ ಸ್ಕ್ವೈರನ ಉಡುಪಿನ ಹಕ್ಕು. ಎರಡು ವರ್ಷ ಕಳೆಯುವ ಮೊದಲೇ ಈ ಕಾನೂನನ್ನು ಹಿಂತೆಗೆದರು.

ತಲೆಗಂದಾಯದ್ದು ದೊಡ್ಡ ಕಥೆ. 1377ರಲ್ಲಿ 14 ವರ್ಷ ದಾಟಿದ ಪ್ರತಿ ತಲೆಗೆ 4 ಪೆನ್ನಿ. 1379ರಲ್ಲಿ ಅಂತಸ್ತಿನ ಪ್ರಕಾರ: ಲ್ಯಾಂಕಾಸ್ಟರಿನ ಡ್ಯೂಕ್‌ಗೆ 1,600 ಪೆನ್ನಿ, ಅರ್ಲ್‌ಗೂ ಲಂಡನ್ ಮೇಯರಿಗೂ 960, ಸಾಮಾನ್ಯನಿಗೆ 4. ಇದು ಒಂದು ಮಟ್ಟಿಗೆ ಸಮಂಜಸವೇ. ಆದರೆ ಬೊಕ್ಕಸ ತುಂಬಲಿಲ್ಲ. 1380ರ ಕೊನೆಗೆ ತಲೆಗೆ ಸರಾಸರಿ 12 ಪೆನ್ನಿ ಎಂದರು. ಉಳ್ಳವರು ಇಲ್ಲದವರಿಗೆ ನೆರವಾಗಲಿ ಎಂಬ ಮಾತು ಉಳ್ಳವರೇ ಇಲ್ಲದ ಹಳ್ಳಿಗಳಲ್ಲಿ ಏನು ಕೆಲಸಕ್ಕೆ ಬರುತ್ತದೆ? ಗಂಡ ಹೆಂಡತಿಗೆ 24 ಪೆನ್ನಿ. 1377ರ ಪಟ್ಟಿಯಲ್ಲಿದ್ದವರು 13,55,201 ಮಂದಿ, 1381ರಲ್ಲಿ 8,96,481. ವಯಸ್ಸಿನ ಮಿತಿಯನ್ನು ಒಂದು ವರ್ಷ ಏರಿಸಿದ್ದರೂ ಆ ನಡುವೆ 4,58,720 ಜನ ಮಾಯವಾಗಲು ಕಾರಣ ಅದಲ್ಲ. ವಿಧವೆಯರು, ಮದುವೆಯಾಗದ ಹೆಣ್ಣುಮಕ್ಕಳು, ಮನೆಯಲ್ಲಿದ್ದ ತಂಗಿ, ಅತ್ತೆ ಪಟ್ಟಿಯಿಂದ ಜಾರಿಕೊಂಡಿದ್ದರು.

ಅವರನ್ನು ಹುಡುಕಲು ಅಧಿಕಾರಿಗಳು ಹೊರಟಾಗ ಮೇ ತಿಂಗಳ ಕೊನೆಗೆ ಎಸೆಕ್ಸ್‌ನ ಬ್ರೆಂಟ್‌ವುಡ್‌ನಲ್ಲಿ ಜನ ತಿರುಗಿಬಿದ್ದರು. ಜೂನ್ 13ರಂದು ಲಂಡನ್ನಿನಲ್ಲಿ ಲ್ಯಾಂಕಾಸ್ಟರಿನ ಡ್ಯೂಕ್‌ನ ಸವಾಯ್ ಅರಮನೆ ಉರಿಯಿತು. ಮರುದಿನ ಮೈಲ್ ಎಂಡ್‌ನಲ್ಲಿ 14 ವರ್ಷದ ದೊರೆ ಎರಡನೇ ರಿಚರ್ಡನ ಮುಂದೆ ಇಟ್ಟ ಬೇಡಿಕೆಗಳಲ್ಲಿ ಜೀತ ತೊಲಗಬೇಕೆಂಬುದು ಒಂದು. ಇನ್ನೊಂದು, ಎಕರೆಗೆ 4 ಪೆನ್ನಿ ಗೇಣಿ. ದೊರೆ ಒಪ್ಪಿ ಬರೆದುಕೊಟ್ಟ ಪತ್ರಗಳನ್ನು ಜುಲೈ 2ರಂದು ರದ್ದುಮಾಡಿದ.

ರದ್ದಾಗದೆ ಉಳಿದದ್ದು ಕೂಲಿಯ ಏರಿಕೆ. 1388ರಲ್ಲಿ ಪಾರ್ಲಿಮೆಂಟು ಮತ್ತೊಮ್ಮೆ ಪಟ್ಟಿ ಕಟ್ಟಿತು: ವರ್ಷಕ್ಕೆ ಕುರಿಗಾಹಿಗೆ 10 ಶಿಲ್ಲಿಂಗ್, ಉಳುವವನಿಗೆ 7, ಹಾಲು ಕರೆಯುವವಳಿಗೆ 6. ಪಟ್ಟಿಯ ದರಕ್ಕೆ ಆಳು ಸಿಗುವುದು ಕಷ್ಟವಾಗಿತ್ತು. ಶತಮಾನ ಮುಗಿಯುವ ಹೊತ್ತಿಗೆ ಕಟ್ಟಡದ ಸಹಾಯಕನೇ ದಿನಕ್ಕೆ 3 ಪೆನ್ನಿ ಎಣಿಸುತ್ತಿದ್ದ. 250 ದಿನಕ್ಕೆ 750 ಪೆನ್ನಿ. ಗೋಧಿ 6 ಶಿಲ್ಲಿಂಗ್ ಎಂದೇ ಹಿಡಿದರೂ ಹತ್ತು ಕ್ವಾರ್ಟರಿಗೂ ಮಿಗಿಲು. ಕೊನೆಗೆ 1390ರಲ್ಲಿ ಪಾರ್ಲಿಮೆಂಟು ಒಂದೇ ದರದ ಹಟ ಬಿಟ್ಟಿತು. ಧಾನ್ಯದ ಬೆಲೆಯನ್ನು ಮೊದಲೇ ಹೇಳಲಾಗದು, ಆದ್ದರಿಂದ ಆಯಾ ಜಿಲ್ಲೆಯ ನ್ಯಾಯಾಧಿಕಾರಿಗಳು ವರ್ಷಕ್ಕೆ ಎರಡು ಸಲ ಆಹಾರದ ತುಟ್ಟಿ ನೋಡಿ ಕೂಲಿಯನ್ನು ಸಾರಲಿ ಎಂದಿತು. ರೊಟ್ಟಿಗೆ ಆ ಸವಲತ್ತು ಸಿಕ್ಕಿ ಆಗಲೇ ಸುಮಾರು 125 ವರ್ಷವಾಗಿತ್ತು.