ಆ್ಯಕ್ಷನ್ ಕ್ಯಾಮೆರಾ ತಗೊಂಡ್ರಾ? ಆಟೋದಲ್ಲೇ ಬಿಡಬೇಡಿ, ಮೊದಲು ಈ ಸೆಟ್ಟಿಂಗ್ ನೋಡ್ಕೊಳ್ಳಿ

ಉಡುಪಿ: ಸಂಜೆ ಏಳು ಗಂಟೆ. ಅಂಗಡಿ ಬಾಗಿಲು ಹಾಕಿ ಸ್ಕೂಟರಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮನೆ ಕಡೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ರಾಂಗ್ ಸೈಡಲ್ಲಿ ಬಂದ ಕಾರೊಂದು ಹ್ಯಾಂಡಲ್‌ಗೆ ತಾಗಿಸಿ, ನಿಲ್ಲಿಸದೆ ಹೋಯಿತು. ಪುಣ್ಯಕ್ಕೆ ಕ್ಯಾಮೆರಾ ಆನ್ ಇತ್ತು. ಮನೆಗೆ ಬಂದು ವಿಡಿಯೋ ಹಾಕಿ ನೋಡಿದರೆ ಕಾರು ಕಾಣ್ತದೆ, ಬಣ್ಣ ಕಾಣ್ತದೆ, ನಂಬರ್ ಪ್ಲೇಟ್ ಮಾತ್ರ ಬರೀ ಬಿಳಿ ಗೆರೆ. ಫೈಲಿನ ತಾರೀಕು ನೋಡಿದರೆ ಎಷ್ಟೋ ವರ್ಷ ಹಿಂದಿನದ್ದು!

ಕ್ಯಾಮೆರಾದಲ್ಲಿ ದೋಷ ಇಲ್ಲ. ಪೆಟ್ಟಿಗೆಯಿಂದ ತೆಗೆದ ಹಾಗೇ ಬಳಸಿದ್ದೇ ತಪ್ಪು. ಗೋಪ್ರೊ, ಡಿಜೆಐ, ಇನ್‌ಸ್ಟಾ360 ಅಥವಾ ಕಡಿಮೆ ಬೆಲೆಯ ಬೇರೆ ಯಾವುದೇ ಇರಲಿ, ಆಟೋ ಸೆಟ್ಟಿಂಗ್ ಇರುವುದು ಚಿತ್ರ ಬೆಳ್ಳಗೆ, ಚಂದ ಕಾಣಲಿ ಎಂದು. ನಿಮ್ಮ ಕೆಲಸ ಏನು ಅಂತ ಅದಕ್ಕೆ ಗೊತ್ತಿಲ್ಲ. ದಾರಿಯ ಸಾಕ್ಷಿಗೆ ಬೇಕಾದ ಸೆಟ್ಟಿಂಗ್ ಬೇರೆ, ಯಕ್ಷಗಾನಕ್ಕೆ ಬೇರೆ, ಅಂಗಡಿಯ ಸೀರೆ ತೋರಿಸಲಿಕ್ಕೆ ಬೇರೆ. ಹಾಗಾಗಿ ಮೊದಲು ಕೆಲಸ ತೀರ್ಮಾನ ಮಾಡಿ, ಆಮೇಲೆ ಸೆಟ್ಟಿಂಗ್.

ಮೊದಲ ದಿನವೇ ಮಾಡಬೇಕಾದ ಎರಡು ಕೆಲಸ

ಒಂದು, ತಾರೀಕು ಮತ್ತು ಸಮಯ. ಬ್ಯಾಟರಿ ತೆಗೆದು ಬಹಳ ದಿನ ಇಟ್ಟರೆ ಕೆಲವು ಕ್ಯಾಮೆರಾಗಳ ಗಡಿಯಾರ ಹಳೇ ತಾರೀಕಿಗೆ ಹೋಗ್ತದೆ. ಮೊಬೈಲ್ ಆ್ಯಪ್‌ಗೆ ಜೋಡಿಸಿದರೆ ಹೆಚ್ಚಿನವುಗಳಲ್ಲಿ ತಾನಾಗಿ ಸರಿಯಾಗ್ತದೆ. ಆದರೂ ಒಮ್ಮೆ ಕಣ್ಣಾರೆ ನೋಡಿ.

ಎರಡು, ಆ್ಯಂಟಿ-ಫ್ಲಿಕರ್. ಮೆನುವಿನಲ್ಲಿ 60 ಹರ್ಟ್ಜ್ ಮತ್ತು 50 ಹರ್ಟ್ಜ್ ಎಂದು ಇರ್ತದೆ. ಕೆಲವು ಕ್ಯಾಮೆರಾಗಳಲ್ಲಿ ಎನ್‌ಟಿಎಸ್‌ಸಿ ಮತ್ತು ಪಾಲ್ ಎಂದು ಬರೆದಿರ್ತಾರೆ. 50 ಅಥವಾ ಪಾಲ್ ಆರಿಸಿ. ನಮ್ಮ ದೇಶದ ಕರೆಂಟ್ 50 ಹರ್ಟ್ಜ್‌ನದ್ದು, ಅಮೆರಿಕದ್ದು 60. ನಮ್ಮಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಹೆಚ್ಚು ಕಡಿಮೆ ಆಗ್ತಾ ಇರ್ತದೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗ್ತದೆ. ಲೆಕ್ಕ ಹೊಂದದಿದ್ದರೆ ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆ. ಅಂಗಡಿಯೊಳಗೆ ತೆಗೆದ ವಿಡಿಯೋ ಮಿಣಮಿಣ ಅನ್ನುವುದು ಹೆಚ್ಚಾಗಿ ಇದರಿಂದಲೇ.

50ಕ್ಕೆ ಹಾಕಿದ ಕೂಡಲೇ ಫ್ರೇಮ್ ರೇಟ್ 24, 30, 60ರ ಬದಲು 25, 50, 100 ಎಂದು ಕಾಣಿಸ್ತದೆ. ಗಾಬರಿ ಬೇಡ, ಅದೇ ಸರಿ.

ನಂಬರ್ ಪ್ಲೇಟ್ ಯಾಕೆ ಕಾಣಲ್ಲ?

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಸ್ಟುಡಿಯೋದವರ ದೊಡ್ಡ ಕ್ಯಾಮೆರಾದಲ್ಲಿ ಬೆಳಕು ಒಳಬರುವ ಕಿಂಡಿಯನ್ನು ದೊಡ್ಡದು ಸಣ್ಣದು ಮಾಡಬಹುದು. ಹೆಚ್ಚಿನ ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಆ ಕಿಂಡಿ ಒಂದೇ ಅಳತೆ. ಬೆಳಕು ಕಡಿಮೆಯಾದಾಗ ಅದಕ್ಕೆ ಇರುವುದು ಎರಡೇ ದಾರಿ: ಶಟರ್ ಹೆಚ್ಚು ಹೊತ್ತು ತೆರೆದಿಡುವುದು, ಇಲ್ಲವೇ ಐಎಸ್‌ಒ ಏರಿಸುವುದು. ಶಟರ್ ಹೆಚ್ಚು ಹೊತ್ತು ತೆರೆದರೆ ಓಡುವ ವಸ್ತು ಉಜ್ಜಿದ ಹಾಗೆ ಆಗ್ತದೆ. ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ಕಾಳು ಕಾಳು ಬರ್ತದೆ.

ಲೆಕ್ಕ ನೋಡಿ. 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗ್ತದೆ. ನಿಮ್ಮೆದುರು ಅಡ್ಡಲಾಗಿ ಹಾದುಹೋಗುವಾಗ,

- ಶಟರ್ 1/25 ಸೆಕೆಂಡ್ ಇದ್ದರೆ ಅಷ್ಟರಲ್ಲಿ ಕಾರು 67 ಸೆಂ.ಮೀ. ಸರಿದಿರ್ತದೆ
- 1/50 ಇದ್ದರೆ 33 ಸೆಂ.ಮೀ.
- 1/100 ಇದ್ದರೆ 17 ಸೆಂ.ಮೀ.
- 1/500 ಇದ್ದರೆ 3 ಸೆಂ.ಮೀ. ಚಿಲ್ಲರೆ

ಪ್ಲೇಟಿನ ಅಕ್ಷರದ ಅಗಲವೇ ಕೆಲವು ಸೆಂಟಿಮೀಟರ್. ಒಂದೇ ಫ್ರೇಮಿನಲ್ಲಿ ಅದು 67 ಸೆಂ.ಮೀ. ಸರಿದರೆ ಗೆರೆಯಲ್ಲದೆ ಮತ್ತೇನು ಬಂದೀತು? 4ಕೆ ಇದ್ದರೂ ಅಷ್ಟೇ, 5ಕೆ ಇದ್ದರೂ ಅಷ್ಟೇ. ಸ್ಪಷ್ಟತೆ ಅಂದರೆ ಬರೀ 4ಕೆ ಎಂದು ತಿಳಿದು ಹೆಚ್ಚು ದುಡ್ಡು ಕೊಡುವವರು ಇದನ್ನು ಗಮನಿಸಬೇಕು.

ಹಗಲಿನಲ್ಲಿ ಈ ತೊಂದರೆ ಇಲ್ಲ. ಒಳ್ಳೇ ಬಿಸಿಲಿದ್ದರೆ ಕ್ಯಾಮೆರಾ ತಾನಾಗಿಯೇ 1/1000ಕ್ಕಿಂತ ವೇಗದ ಶಟರ್ ಹಾಕಿಕೊಳ್ತದೆ. ಪರದಾಟ ಶುರುವಾಗುವುದು ಮುಸ್ಸಂಜೆಗೆ, ಮಳೆಗಾಲದ ಮೋಡಕ್ಕೆ, ಘಾಟಿಯ ಮರಗಳ ನೆರಳಿಗೆ.

ದಾರಿಯ ಸಾಕ್ಷಿಗೆ: ಬೈಕು, ಸ್ಕೂಟರ್, ಕಾರು

ಫ್ರೇಮ್ ರೇಟ್ 50 ಇಡಿ. ಇದರ ಹಿಂದೆ ಒಂದು ಉಪಾಯ ಉಂಟು. ಸೆಕೆಂಡಿಗೆ 50 ಚಿತ್ರ ತೆಗೆಯುವಾಗ ಒಂದೊಂದಕ್ಕೆ 1/50 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಡಲು ಕ್ಯಾಮೆರಾಗೆ ಸಾಧ್ಯವೇ ಇಲ್ಲ. ಶಟರ್ ಸೆಟ್ಟಿಂಗ್ ಇಲ್ಲದ ಅಗ್ಗದ ಕ್ಯಾಮೆರಾದಲ್ಲೂ 25ರ ಬದಲು 50 ಹಾಕಿದರೆ ಉಜ್ಜುವಿಕೆ ಅರ್ಧಕ್ಕೆ ಇಳಿಯುವ ಸಾಧ್ಯತೆ ಇದೆ.

ಶಟರ್ ಕೈಯಲ್ಲಿ ಬದಲಿಸಬಹುದಾದರೆ ರಾತ್ರಿ ಪೇಟೆಯೊಳಗೆ 1/100 ಒಳ್ಳೇ ರಾಜಿ. ನಮ್ಮ ಕರೆಂಟಿನ ಲೆಕ್ಕಕ್ಕೂ ಹೊಂದುತ್ತದೆ, ಪಟ್ಟಿ ಓಡುವುದೂ ಕಡಿಮೆ. ಐಎಸ್‌ಒ ಗರಿಷ್ಠ 3200ರವರೆಗೆ ಬಿಡಿ. ಕಾಳು ಬರ್ತದೆ, ಬರಲಿ. ಮದುವೆ ವಿಡಿಯೋ ಅಲ್ಲವಲ್ಲ.

ಇನ್ನೊಂದು, ಇವಿ. ಈಗಿನ ನಂಬರ್ ಪ್ಲೇಟ್‌ಗಳು ಬೆಳಕನ್ನು ವಾಪಸ್ ಹೊಡೆಯುವಂಥವು. ಹೆಡ್‌ಲೈಟ್ ಬಿದ್ದರೆ ಪ್ಲೇಟ್ ಪೂರ್ತಿ ಬಿಳಿಯಾಗಿ ಅಕ್ಷರ ಮಾಯ. ರಾತ್ರಿ ಇವಿಯನ್ನು ಮೈನಸ್ 0.5 ಅಥವಾ ಮೈನಸ್ 1ಕ್ಕೆ ಇಳಿಸಿ. ಸುತ್ತಲಿನ ದೃಶ್ಯ ಕತ್ತಲಾಗ್ತದೆ, ಪ್ಲೇಟ್ ಉಳೀತದೆ.

ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಹಗಲಿಗೆ ಬಹಳ ಒಳ್ಳೇದು. ಆದರೆ ಅದು ಚಿತ್ರದ ಅಂಚು ಕತ್ತರಿಸಿ ಕೆಲಸ ಮಾಡ್ತದೆ, ಮತ್ತು ಶಟರ್ ನಿಧಾನ ಇದ್ದಾಗ ಆದ ಉಜ್ಜುವಿಕೆಯನ್ನು ಸರಿಮಾಡಲಾರದು. ರಾತ್ರಿ ಅತಿ ಹೆಚ್ಚಿನ ಹಂತ ಬೇಡ, ಸಾಮಾನ್ಯ ಹಂತ ಸಾಕು.

ಇಷ್ಟೆಲ್ಲ ಮಾಡಿದರೂ ರಾತ್ರಿ ಪ್ರತಿಯೊಂದು ನಂಬರ್ ಸಿಗ್ತದೆ ಎಂದು ನಂಬಬೇಡಿ. ಈ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು. ಹಾಗಾಗಿ ನಂಬರ್ ಕಣ್ಣಿಗೆ ಬಿದ್ದ ಕ್ಷಣವೇ ಜೋರಾಗಿ ಬಾಯಲ್ಲಿ ಹೇಳಿ. ಚಿತ್ರದಲ್ಲಿ ಸಿಗದ್ದು ಧ್ವನಿಯಲ್ಲಾದರೂ ಉಳೀತದೆ.

ಘಟನೆ ಆದ ಮೇಲೆ

ಲೂಪ್ ರೆಕಾರ್ಡಿಂಗ್ ಹಾಕಿದ್ದರೆ ಕೂಡಲೇ ನಿಲ್ಲಿಸಿ. ಇಲ್ಲದಿದ್ದರೆ ಹಳೇ ಭಾಗದ ಮೇಲೆ ಹೊಸದು ಬರೆದುಕೊಳ್ತದೆ. ಕಾರ್ಡ್ ತೆಗೆದು ಇಡಿ. ಮೂಲ ಫೈಲನ್ನು ಕತ್ತರಿಸಬೇಡಿ, ಹೆಸರು ಬದಲಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಸ್ಪಷ್ಟತೆ ಹೋಗ್ತದೆ. ಕಾರ್ಡಿನಿಂದ ನೇರ ಪ್ರತಿ ಮಾಡಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇಂಥ ಎಲೆಕ್ಟ್ರಾನಿಕ್ ದಾಖಲೆಗಳ ಬಗ್ಗೆ ಇದೆ. ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಅದರ ಜೊತೆ ಪ್ರಮಾಣಪತ್ರ ಬೇಕು. ಆ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಒಂದು ಅಕ್ಷರದಷ್ಟು ಬದಲಾದರೂ ಹ್ಯಾಶ್ ಬದಲಾಗ್ತದೆ. ಮೂಲ ಫೈಲ್ ಮುಟ್ಟಬೇಡಿ ಎನ್ನುವುದು ಇದಕ್ಕೇ. ಮುಂದಿನದ್ದನ್ನು ವಕೀಲರಲ್ಲಿ ಕೇಳಿ ಮಾಡಿ.

ಯಕ್ಷಗಾನ, ಜಾತ್ರೆ, ಕಂಬಳ

ರಾತ್ರಿ ಆಟಕ್ಕೆ ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಕೂರಿಸಿ, ಸ್ಟೆಬಿಲೈಸೇಶನ್ ಪೂರ್ತಿ ಆಫ್ ಮಾಡಿ. ಫ್ರೇಮ್ ರೇಟ್ 25, ಶಟರ್ 1/50, ಐಎಸ್‌ಒ ಗರಿಷ್ಠ 1600. ಲೆನ್ಸ್ ಲೀನಿಯರ್‌ಗೆ ಹಾಕಿದರೆ ರಂಗಸ್ಥಳದ ಕಂಬಗಳು ಬಿಲ್ಲಿನ ಹಾಗೆ ಬಾಗುವುದು ತಪ್ತದೆ. ವೈಟ್ ಬ್ಯಾಲೆನ್ಸ್ ಆಟೋ ಬೇಡ. ಕೆಂಪು ವೇಷ ಬಂದಾಗ ಒಂದು ಬಣ್ಣ, ಹಸಿರು ಬಂದಾಗ ಇನ್ನೊಂದು ಬಣ್ಣ ಆಗಿ ಮುಖವರ್ಣಿಕೆ ಹಾಳಾಗ್ತದೆ. ಒಂದು ಅಂಕಿಗೆ ನಿಲ್ಲಿಸಿಬಿಡಿ. ಧ್ವನಿವರ್ಧಕದ ಎದುರಲ್ಲೇ ಇಟ್ಟರೆ ಚೆಂಡೆ ಪೆಟ್ಟಿಗೆ ಸ್ವರ ಒಡೀತದೆ, ಸ್ವಲ್ಪ ಬದಿಗೆ ಇಡಿ. ಕೆಲವು ಎಲ್‌ಇಡಿಗಳು ಈ ಎಲ್ಲ ಲೆಕ್ಕ ಮೀರಿ ಮಿನುಗುತ್ತವೆ. ಅದಕ್ಕೆ ಆಟ ಶುರುವಾಗುವ ಮೊದಲೇ ಒಂದು ನಿಮಿಷ ತೆಗೆದು ನೋಡಿ. ಮೇಳದವರ ಅನುಮತಿ ಕೇಳುವುದನ್ನು ಮರೀಬೇಡಿ.

ಕಂಬಳದ ಕೆಸರು ಹಾರುವುದನ್ನು ನಿಧಾನವಾಗಿ ತೋರಿಸಬೇಕಾದರೆ ಫ್ರೇಮ್ ರೇಟ್ 100. ಅದನ್ನು 25ರಲ್ಲಿ ತೋರಿಸಿದರೆ ನಾಲ್ಕು ಪಟ್ಟು ನಿಧಾನ. ಹಗಲಿನ ಓಟಕ್ಕೆ ಇದು ಚಂದ. ರಾತ್ರಿ ದೀಪದಡಿ ಕಾಳು ಜಾಸ್ತಿ, ಅಲ್ಲಿ 50 ಸಾಕು.

ಮಲ್ಪೆ ಕಡಲು, ಆಗುಂಬೆ ಘಾಟಿ

ಮಲ್ಪೆ ಬೀಚ್, ಸೈಂಟ್ ಮೇರೀಸ್ ದ್ವೀಪದ ದೋಣಿಯಲ್ಲಿ ಬೆಳಕು ಅತಿ. ಇವಿ ಮೈನಸ್ 0.5, ಐಎಸ್‌ಒ ಗರಿಷ್ಠ 400, ವೈಟ್ ಬ್ಯಾಲೆನ್ಸ್ 5500. ಆಗ ಆಕಾಶ ಸುಟ್ಟ ಹಾಗೆ ಬಿಳಿಯಾಗಲ್ಲ. ಎಷ್ಟು ಮೀಟರ್ ಆಳದವರೆಗೆ ನೀರು ತಡೀತದೆ ಎಂದು ಕೈಪಿಡಿಯಲ್ಲಿ ನೋಡಿ. ಬ್ಯಾಟರಿ ಬಾಗಿಲಿನ ರಬ್ಬರಿಗೆ ಮರಳು ಕೂತಿದ್ದರೆ ಆ ಅಂಕಿಗೆ ಬೆಲೆ ಇಲ್ಲ. ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒರೆಸಿ.

ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಒಂದು ತಿರುವು ಬಿಸಿಲು, ಇನ್ನೊಂದು ಕತ್ತಲು. ಇಲ್ಲಿ ಶಟರ್ ಆಟೋ ಬಿಡಿ, ಐಎಸ್‌ಒ ಗರಿಷ್ಠ 1600. ಲೆನ್ಸ್ ಮೇಲೆ ಮಳೆಹನಿ ಕೂತರೆ ಯಾವ ಸೆಟ್ಟಿಂಗೂ ಕಾಪಾಡಲ್ಲ. ಕಿಸೆಯಲ್ಲಿ ಒಣಬಟ್ಟೆ ಇರಲಿ.

ಅಂಗಡಿಯವರಿಗೆ

ಸ್ಟೇಟಸ್, ರೀಲ್ಸ್‌ಗೆ ಸರಕು ತೋರಿಸುವುದಾದರೆ 1080ಪಿ, 25 ಫ್ರೇಮ್, 1/50 ಶಟರ್, ಲೀನಿಯರ್ ಲೆನ್ಸ್. ಕ್ಯಾಮೆರಾವನ್ನು ನಿಲುವಾಗಿ ಹಿಡಿಯಿರಿ. ವೈಟ್ ಬ್ಯಾಲೆನ್ಸ್ ನಿಲ್ಲಿಸದಿದ್ದರೆ ಸೀರೆಯ ಬಣ್ಣ ವಿಡಿಯೋದಲ್ಲಿ ಒಂದು, ಕೈಯಲ್ಲಿ ಒಂದು ಆಗ್ತದೆ. ಆಮೇಲೆ ಗಿರಾಕಿ ಜೊತೆ ಮಾತು. ಹೆಚ್ಚಿನ ಆ್ಯಕ್ಷನ್ ಕ್ಯಾಮೆರಾಗಳ ಫೋಕಸ್ ಬದಲಾಗದ್ದು, ತೀರ ಹತ್ತಿರ ಹಿಡಿದರೆ ಮಸುಕು. ಸರಕಿನಿಂದ ಒಂದು ಗೇಣಿಗಿಂತ ಜಾಸ್ತಿ, ಸುಮಾರು ಒಂದು ಮೊಳ ದೂರ ಇರಲಿ.

ಸಿಸಿಟಿವಿ ಬದಲಿಗೆ ಇದನ್ನೇ ಅಂಗಡಿಯಲ್ಲಿ ಇಡಬಹುದಾ ಅಂದರೆ, ಬೇಡ. ಗಾಳಿಯಾಡದ ಕಡೆ ಗಂಟೆಗಟ್ಟಲೆ ಓಡಿಸಿದರೆ ಬಿಸಿಯಾಗಿ ಆಫ್ ಆಗ್ತದೆ. ಅದಕ್ಕೆ ಸಿಸಿಟಿವಿಯೇ ಸರಿ.

ಕಾರ್ಡ್ ಲೆಕ್ಕ

4ಕೆ ವಿಡಿಯೋ 100 ಎಂಬಿಪಿಎಸ್‌ನಲ್ಲಿ ಗಂಟೆಗೆ 45 ಜಿಬಿ ನುಂಗ್ತದೆ. 64 ಜಿಬಿ ಕಾರ್ಡಿಗೆ ಒಂದೂವರೆ ಗಂಟೆಯೂ ಬರಲ್ಲ. 1080ಪಿ 45 ಎಂಬಿಪಿಎಸ್ ಆದರೆ ಗಂಟೆಗೆ 20 ಜಿಬಿ, ಮೂರು ಗಂಟೆ ಹತ್ತಿರ ಬರ್ತದೆ. ಕಾರ್ಡ್ ಮೇಲೆ ವಿ30 ಅಥವಾ ಯು3 ಗುರುತು ಇರಲೇಬೇಕು. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಕಾರ್ಡ್ ಎಂದು ಅದರ ಅರ್ಥ. ನಕಲಿ ಕಾರ್ಡ್‌ಗಳು ಬಹಳ ಇವೆ. ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ, ಮತ್ತು ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ.

ಕೊನೆಗೆ ಒಂದು ಪರೀಕ್ಷೆ

ಇವತ್ತೇ ಸಂಜೆ ಏಳಕ್ಕೆ ಮನೆ ಎದುರಿನ ರಸ್ತೆ ಬದಿ ನಿಂತು ಎರಡು ನಿಮಿಷ ತೆಗೆಯಿರಿ. ಮೊದಲ ನಿಮಿಷ ಆಟೋ, ಎರಡನೇ ನಿಮಿಷ 50 ಫ್ರೇಮ್, 1/100 ಶಟರ್, ಇವಿ ಮೈನಸ್ 0.5. ಮೊಬೈಲಲ್ಲಿ ಅಲ್ಲ, ಟಿವಿಯಲ್ಲೋ ಕಂಪ್ಯೂಟರಲ್ಲೋ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿ. ಯಾವುದರಲ್ಲಿ ಎಷ್ಟು ನಂಬರ್ ಓದಲಿಕ್ಕೆ ಆಗ್ತದೆ ಎಂದು ಎಣಿಸಿ. ನಿಮ್ಮ ಕ್ಯಾಮೆರಾಗೆ ಯಾವುದು ಸರಿ ಎಂದು ಆ ಎಣಿಕೆಯೇ ಹೇಳ್ತದೆ. ಸರಿಬಂದ ಸೆಟ್ಟಿಂಗನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಬೇಕಾದ ದಿನ ಹುಡುಕಲಿಕ್ಕೆ ಸಮಯ ಇರಲ್ಲ.